ದಿಕ್ಕು ನೋಡಿ ಬೇಡಿಕೊಳ್ಳುತ್ತಿದ್ದ ಟೀಚರಮ್ಮ

ಹಾಸನದ ನಮ್ಮ ವಠಾರದಲ್ಲಿ ಗಡಿಯಾರ ಇದ್ದ ಮನೆ ಎರಡೋ ಮೂರೋ. ಆದರೂ ಯಾರೂ ಹೊತ್ತು ಮೀರಿ ಮಲಗಿದ್ದಿಲ್ಲ. ಎಲ್ಲ ಹಂಚಿನ ಮನೆಗಳು. ನಡುವಿನ ಗೋಡೆಗಳು ಮಾಡಿನವರೆಗೆ ಏರಿರಲಿಲ್ಲ. ಮೇಲೆ ಉದ್ದಕ್ಕೂ ಸಂದು. ಆ ಸಂದಿನಿಂದ ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮೂಗಿಗೆ, ಒಬ್ಬರ ಮನೆಯ ಜಗಳ ಇನ್ನೊಬ್ಬರ ಕಿವಿಗೆ ಧಾರಾಳವಾಗಿ ಬರುತ್ತಿತ್ತು. ಬೆಳಗಿನ ಜಾವ ಕಾಗೆ ಕೂಗುವುದಕ್ಕೂ ಮೊದಲು ಅದೇ ಸಂದಿನಿಂದ ಟೀಚರಮ್ಮನ ಪ್ರಾರ್ಥನೆ ಬರುತ್ತಿತ್ತು. "ಪರಲೋಕದಲ್ಲಿರುವ ತಂದೆಯೇ" ಎಂದು ಶುರುವಾದರೆ ನನ್ನ ಹೆಂಡತಿ ಎದ್ದು ಒಲೆ ಹೊತ್ತಿಸುತ್ತಿದ್ದಳು. "ಆಮೆನ್" ಅನ್ನುವಷ್ಟರಲ್ಲಿ ಕಾಫಿ ಇಳಿದಿರುತ್ತಿತ್ತು. ಲೋಕದಲ್ಲಿ ಗಲಾಟೆ ಹೆಚ್ಚಾದ ದಿನ ಪ್ರಾರ್ಥನೆ ಉದ್ದವಾಗಿ ಕಾಫಿ ಆರಿಹೋಗುತ್ತಿತ್ತು.

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಚನ್ನರಾಯಪಟ್ಟಣದ ಬಸ್ ಸ್ಟಾಂಡಿನಲ್ಲಿ, ಅವರ ತಂಗಿಯ ಮಗಳಿಂದ. ರಿಟೈರಾದ ಮೇಲೆ ಅವರು ತಂಗಿಯ ಮನೆಗೆ ಹೋಗಿದ್ದರು. ನಾನು ಶ್ರವಣಬೆಳಗೊಳಕ್ಕೆ ಪರೀಕ್ಷೆಯ ಕೆಲಸಕ್ಕೆಂದು ಹೊರಟಿದ್ದವನು, ಬಸ್ಸು ಬಂದರೂ ಹತ್ತಲಿಲ್ಲ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ಈ ಹೆಂಗಸು ಇಷ್ಟು ವರ್ಷ ದಿನಾ ಬೆಳಿಗ್ಗೆ ಎದ್ದು ಯಾರ್‍ಯಾರಿಗೋ ಒಳ್ಳೆಯದಾಗಲಿ ಎಂದು ಬೇಡಿಕೊಂಡರಲ್ಲ, ನಾಳೆ ಬೆಳಿಗ್ಗೆ ಅವರಿಗೆಲ್ಲ ಯಾರು ಬೇಡಿಕೊಳ್ಳುತ್ತಾರೆ ಅನ್ನಿಸಿತು. ನಾನು ಕ್ರೈಸ್ತನಲ್ಲ. ಕೊರಳಲ್ಲಿ ಲಿಂಗ ಕಟ್ಟಿದವನು, ಅದನ್ನೂ ನಿಯಮವಾಗಿ ಪೂಜಿಸಿದವನಲ್ಲ. ಆದರೂ ಹಾಗನ್ನಿಸಿತು.

ಎಲ್ಲರ ಹೆಸರು ಕೇಳಿಟ್ಟುಕೊಂಡು ಬೇಡಿಕೊಳ್ಳುತ್ತಿದ್ದ ಅವರ ಹೆಸರನ್ನು ವಠಾರದಲ್ಲಿ ಯಾರೂ ಕೇಳಿರಲಿಲ್ಲ. ಮಿಶನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದರು; ಹಾಗಾಗಿ ಟೀಚರಮ್ಮ. ಅಷ್ಟೇ ಸಾಕು, ನಾನೂ ಹಾಗೇ ಬರೆಯುತ್ತೇನೆ. ಹುಟ್ಟಿದ್ದು ಅರಕಲಗೂಡಿನ ಕಡೆ. ಅವರಪ್ಪ ಚರ್ಚಿನ ಸಭೆಯ ಉಪದೇಶಿ, ಅಂದರೆ ಪಾದ್ರಿಗಳಿಲ್ಲದ ಊರುಗಳಿಗೆ ಹೋಗಿ ಬೈಬಲ್ಲು, ಅವರ ಮಾತಲ್ಲಿ ಸತ್ಯವೇದ, ಓದಿ ಹೇಳುವವರು. ಅರಕಲಗೂಡಿಂದ ಹೊಳೆನರಸೀಪುರದವರೆಗೆ ನಡೆದೇ ಹೋಗುತ್ತಿದ್ದರಂತೆ, ದಾರಿಯಲ್ಲಿ ಸಿಕ್ಕ ಮನೆಮನೆಗೂ ನಡೆಯುತ್ತಲೇ ಬೇಡಿಕೊಳ್ಳುತ್ತ. ಮಗಳು ಬೆನ್ನ ಹಿಂದೆ. ಟೀಚರಮ್ಮನಿಗೆ ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕುಳ್ಳಗೆ, ದುಂಡಗೆ, ಬಿಳಿ ಸೀರೆ. ನಡೆಯುವಾಗ ಯಾರನ್ನೋ ಬೈಯಲು ಹೊರಟವರ ಹಾಗೆ ಕಾಣುತ್ತಿದ್ದರು, ಎಷ್ಟೋ ಸಲ ಹೊರಟೂ ಇರುತ್ತಿದ್ದರು.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮೇಷ್ಟ್ರು. ನನ್ನ ಮನೆಗೆ ಬರುತ್ತಿದ್ದ ಪೇಪರು ಸಾಯಂಕಾಲ ಅವರ ಕೈಗೆ ಹೋಗುತ್ತಿತ್ತು. ಪೇಪರಿನ ಜೊತೆ ನಾನೂ ಬೇಕಾಗಿತ್ತು. ಜಗುಲಿಯ ತುದಿಯಲ್ಲಿ ಕೂತು ಕನ್ನಡಕ ಏರಿಸಿಕೊಳ್ಳುತ್ತಿದ್ದರು.

"ಮೇಷ್ಟ್ರೇ, ಈ ಕಾಂಗೋ ಅನ್ನೋದು ಎಲ್ಲದೆ?"

"ಆಫ್ರಿಕಾ ಖಂಡದಲ್ಲಿ."

"ಅದಲ್ಲ. ಇಲ್ಲಿಂದ ಯಾವ ದಿಕ್ಕು?"

ನಾನು ನಕ್ಕೆ. ಅವರು ನಗಲಿಲ್ಲ. ಯಾವ ದೇಶದವರಿಗೆ ಬೇಡಿಕೊಳ್ಳುತ್ತಾರೋ ಆ ದೇಶದ ಕಡೆ ತಿರುಗಿ ನಿಲ್ಲುವುದು ಅವರ ಪದ್ಧತಿ. ಇದು ಅವರ ಮತದ ನಿಯಮವೇನಲ್ಲ, ಅಪ್ಪನಿಂದ ಬಂದದ್ದು. ಮನೆ ಕಡೆಗೆ ಮುಖ ಮಾಡದೆ ಆ ಮನೆಯವರಿಗೆ ಬೇಡಿಕೊಳ್ಳುವುದೆಂದರೆ ಅವರಪ್ಪನಿಗೆ ಮರ್ಯಾದೆಗೆಟ್ಟ ಕೆಲಸವಾಗಿತ್ತಂತೆ.

"ಪಾಪ, ಅವ್ರಿಗೆ ಬೆನ್ನಾಕ್ಕಂಡು ಕೇಳದಾ?" ಎಂದರು.

ನಾನು ಎದ್ದು ನಿಂತು, ಸೂರ್ಯನನ್ನು ನೋಡಿ, ಕೈಚಾಚಿ ತೋರಿಸಿದೆ. "ಅರಕಲಗೂಡಿನ ಕಡೆ ತಿರುಗಿ, ಇನ್ನೂ ಪಡುವಣಕ್ಕೆ ವಾಲಿ."

ಹೀಗೆ ನಮ್ಮ ಲೋಕದ ನಕ್ಷೆ ತಯಾರಾಯಿತು. ಹಂಗೇರಿ ಬೇಲೂರಿನ ಕಡೆ. ಚನ್ನರಾಯಪಟ್ಟಣದ ರಸ್ತೆ ಹಿಡಿದು ಹೋದರೆ ಮೂಡಣ ದೇಶಗಳು. ಅವರಿಗೆ ಇಷ್ಟೇ ಭೂಗೋಳ ಬೇಕಾಗಿತ್ತು, ಇದಕ್ಕಿಂತ ಹೆಚ್ಚಿನದನ್ನು ನಾನು ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಈಜಿಪ್ಟು ಸಿಲೋನಿನ ಪಕ್ಕದಲ್ಲಿದೆ ಎಂದು ಕೊನೆಯವರೆಗೂ ನಂಬಿದ್ದರು. ಆದರೆ ದಿಕ್ಕಿನ ಜೊತೆ ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: "ಅಲ್ಲಿ ಜನ ಏನುಣ್ತಾರೆ?" ನನಗೆ ಗೊತ್ತಿದ್ದದ್ದು ಆ ದೇಶದ ನದಿ, ಗಣಿ, ರೈಲುಮಾರ್ಗ. ಊಟ ಗೊತ್ತಿರಲಿಲ್ಲ. ಹಂಗೇರಿಯವರು ಗೋಧಿ ರೊಟ್ಟಿ ತಿನ್ನುತ್ತಾರೆ ಎಂದು ಅಂದಾಜಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಸಂದಿನಿಂದ ಕೇಳಿಬಂತು: "ತಂದೆಯೇ, ಅವರ ಬೀದಿಗಳಲ್ಲಿ ಟ್ಯಾಂಕು ಓಡಾಡ್ತಾ ಅವೆ. ಹೆಂಗಸರು ರೊಟ್ಟಿ ಸುಡಕ್ಕೂ ಒಲೆ ಮುಂದೆ ಕೂರಂಗಿಲ್ಲ. ಇವತ್ತು ಒಂದೊತ್ತಾದ್ರೂ ರೊಟ್ಟಿ ಬೇಯ್ಲಿ." ಹಾಸಿಗೆಯಲ್ಲಿ ಮಲಗಿದ್ದ ನನಗೆ ಹಂಗೇರಿ ಮೊದಲ ಸಲ ಕಂಡಿತು. ಅದುವರೆಗೆ ಅದು ನಕ್ಷೆಯಲ್ಲಿ ಹಳದಿ ಬಣ್ಣ ಹಚ್ಚಿದ ಒಂದು ತುಂಡು ಜಾಗ.

ಅವರ ಪ್ರಾರ್ಥನೆ ಯಾವಾಗಲೂ ಸತ್ಯವೇದದ ಗಂಭೀರ ಕನ್ನಡದಲ್ಲಿ ಹೊರಟು, ದಾರಿಯಲ್ಲಿ ಎಲ್ಲೋ ಚಪ್ಪಲಿ ಬಿಟ್ಟು, ಅರಕಲಗೂಡಿನ ಕನ್ನಡದಲ್ಲಿ ಬಂದು ನಿಲ್ಲುತ್ತಿತ್ತು. ಭಾನುವಾರ ಚರ್ಚಿನಲ್ಲಿ ಲೋಕಕ್ಕೋಸ್ಕರ ವಿಜ್ಞಾಪನೆ ಮಾಡುವ ಸರದಿ ಇವರಿಗೆ ಬಂದರೆ ಜನ ಕಾಲು ಬದಲಿಸಿ ನಿಲ್ಲಬೇಕಾಗುತ್ತಿತ್ತಂತೆ. ಒಮ್ಮೆ ಪಾದ್ರಿಗಳು, "ಅಮ್ಮಾ, ಸ್ವಲ್ಪ ಸಂಕ್ಷೇಪವಾಗಿರಲಿ" ಎಂದರಂತೆ. "ಯಾವ ದೇಶ ಬಿಡ್ಲಿ, ನೀವೇ ಹೇಳಿ ಸ್ವಾಮಿ" ಎಂದು ಇವರು ಕೇಳಿದರಂತೆ.

ಸಂತರಂತಿದ್ದರು ಎಂದು ಯಾರೂ ತಿಳಿಯಬಾರದು. ನಲ್ಲಿಯ ಮುಂದೆ ಅವರಷ್ಟು ಜಗಳಗಂಟಿ ಇನ್ನೊಬ್ಬರಿರಲಿಲ್ಲ. ಅವರ ಮನೆಯ ಆ ಮಗ್ಗುಲಲ್ಲಿ ಶಿವಮ್ಮ ಎಂಬ ವಿಧವೆ ಇದ್ದರು, ನಮ್ಮವರೇ. ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕಿ ಒಬ್ಬನೇ ಮಗನನ್ನು ಸಾಕಿದವರು. ಟೀಚರಮ್ಮನಿಗೂ ಅವರಿಗೂ ಕೊಡ ಇಡುವ ಸರದಿಗಾಗಿ ವಾರಕ್ಕೊಮ್ಮೆಯಾದರೂ ಕೈಕೈ ಮಿಲಾಯಿಸುವಷ್ಟು ಮಾತು ನಡೆಯುತ್ತಿತ್ತು. ಮಾರನೆಯ ಬೆಳಿಗ್ಗೆ ಟೀಚರಮ್ಮ ಶಿವಮ್ಮನ ಗೋಡೆಯ ಕಡೆಗೇ ತಿರುಗಿ, "ಶಿವಮ್ಮನ ಮಂಡಿ ನೋವು ಕಮ್ಮಿ ಮಾಡಪ್ಪ, ನೋವಿಗೇ ಆಕೆಗೆ ಅಷ್ಟು ಸಿಟ್ಟು" ಎಂದು ಗಟ್ಟಿಯಾಗಿ ಬೇಡಿಕೊಳ್ಳುತ್ತಿದ್ದರು. ಶಿವಮ್ಮ ನನ್ನ ಹೆಂಡತಿಯ ಹತ್ತಿರ ಬಂದು ದೂರುತ್ತಿದ್ದರು: "ನೋಡವ್ವ, ಮನುಷ್ಯರತ್ರ ಹೇಳಿದ್ ಸಾಲ್ದು ಅಂತ ದೇವ್ರತ್ರಾನೂ ನನ್ ಮ್ಯಾಲೆ ಚಾಡಿ ಹೇಳ್ತಾಳೆ."

ಒಂದು ಸಲ ನಾನು ಕೆಣಕಿದೆ. "ಟೀಚರಮ್ಮ, ನೀವು ಇಷ್ಟು ವರ್ಷ ಕೇಳಿಕೊಂಡಿದ್ದಕ್ಕೆ ಎಲ್ಲಾದರೂ ಒಂದು ಯುದ್ಧ ನಿಂತಿದೆಯಾ?"

"ಗೊತ್ತಿಲ್ಲ ಮೇಷ್ಟ್ರೇ."

"ಮತ್ತೆ ಯಾಕೆ?"

ಅವರು ಪೇಪರು ಮಡಿಸುತ್ತ, "ಪಕ್ಕದ ಮನೇಲಿ ಮಗು ಅಳ್ತಿದ್ರೆ ಎದ್ದು ಕೂತ್ಕಳಲ್ವಾ? ನಾವ್ ಎದ್ದು ಕೂತ್ರೆ ಮಗು ಅಳೋದು ನಿಲ್ಲುತ್ತಾ? ಆದ್ರೂ ಮಲಗಿರಕ್ಕಾಗಲ್ಲ" ಎಂದರು.

ಅರವತ್ತೆರಡರ ದಸರಾ ಕಳೆಯುವಷ್ಟರಲ್ಲಿ ಚೀನಾದವರು ಗಡಿ ದಾಟಿ ಬಂದರು. ಆ ದಿನಗಳಲ್ಲೇ ಆ ಕಡೆ ಕ್ಯೂಬಾದ ವಿಷಯಕ್ಕೆ ಅಮೆರಿಕಾ, ರಷ್ಯಾ ಹಲ್ಲು ಕಡಿಯುತ್ತಿದ್ದವು. ಕ್ಯೂಬಾ ಯಾವ ದಿಕ್ಕು ಎಂದು ಕೇಳಿದಾಗ ನಾನು, ಅದು ಭೂಮಿಯ ಆ ಮಗ್ಗುಲು, ಯಾವ ಕಡೆಯಿಂದ ಹೋದರೂ ಸಿಗುತ್ತದೆ ಎಂದೆ. ಅವರು ನೆಲ ನೋಡಿಕೊಂಡು ಬೇಡಿಕೊಂಡರು: "ಆ ಇಬ್ರು ದೊರೆಗಳಿಗೂ ಇವತ್ತು ಚೆನ್ನಾಗಿ ನಿದ್ದೆ ಬರ್ಲಿ ತಂದೆಯೇ. ನಿದ್ದೆಗೆಟ್ಟೋರು ಕೆಟ್ಟ ತೀರ್ಮಾನ ಮಾಡ್ತಾರೆ." ಲೋಕವೆಲ್ಲ ಅಣುಬಾಂಬಿಗೆ ಹೆದರಿ ಕೂತಿದ್ದಾಗ ಹಾಸನದ ಒಂದು ಅಡುಗೆಮನೆಯಲ್ಲಿ ಈ ಹೆಂಗಸು ಅವರಿಬ್ಬರ ನಿದ್ದೆಯ ಯೋಚನೆ ಮಾಡುತ್ತಿದ್ದರು. ನನಗೆ ನಗು ಬರಲಿಲ್ಲ.

ಶಿವಮ್ಮನ ಮಗ ಬಸವರಾಜ ಚೀನಾದವರು ನುಗ್ಗಿದ ಈಶಾನ್ಯದ ನೇಫಾ ಗಡಿಯಲ್ಲಿದ್ದ. ನನ್ನ ಶಿಷ್ಯನೇ. ನಕ್ಷೆಯಲ್ಲಿ ಹಿಮಾಲಯವನ್ನು ತಪ್ಪು ಜಾಗದಲ್ಲಿ ಬರೆದು ನನ್ನ ಕೈಲಿ ಏಟು ತಿಂದವನು. ಎಸ್ಸೆಸ್ಸೆಲ್ಸಿ ಆಗದೆ ಮಿಲಿಟರಿ ಸೇರಿ, ಅರಸೀಕೆರೆಯಲ್ಲಿ ರೈಲು ಹತ್ತಿ ಹೋಗಿದ್ದ. ಅವನಿಂದ ಕಾಗದ ಬರುವುದು ನಿಂತುಹೋಯಿತು. ಊರಲ್ಲಿ ದಿನಾ ಮೆರವಣಿಗೆ, ರಕ್ಷಣಾ ನಿಧಿಗೆ ಹೆಂಗಸರು ಬಳೆ ಬಿಚ್ಚಿಕೊಡುತ್ತಿದ್ದರು. ಟೀಚರಮ್ಮ ಶಾಲೆಯ ಹುಡುಗಿಯರನ್ನೆಲ್ಲ ಕೂರಿಸಿಕೊಂಡು ಜವಾನರಿಗೆ ಉಣ್ಣೆಯ ಸ್ವೆಟರು ಹೆಣೆಸುತ್ತಿದ್ದರು. ಬೆಳಿಗ್ಗೆ ಅರಸೀಕೆರೆಯ ಕಡೆ ತಿರುಗಿ ಬಸವರಾಜನ ಹೆಸರು ಹೇಳಿ ಬೇಡಿಕೊಳ್ಳುತ್ತಿದ್ದರು. ಆಚೆ ಮನೆಯಲ್ಲಿ ಅಂಗೈಯಲ್ಲಿ ಲಿಂಗ ಹಿಡಿದು ಕೂತ ಶಿವಮ್ಮ ಆ ಹೆಸರು ಕೇಳಿದ ಮೇಲೇ ಪೂಜೆ ಶುರು ಮಾಡುತ್ತಿದ್ದರು. ನಲ್ಲಿಯ ಜಗಳವೂ ನಿಂತಿತ್ತು.

ಒಂದು ಸಂಜೆ ಹೆಣೆಯುತ್ತಲೇ ಕೇಳಿದರು: "ಅಲ್ಲಿ ಚಳಿ ಎಷ್ಟಿರುತ್ತೆ ಮೇಷ್ಟ್ರೇ?" ನಾನು ಬೆಟ್ಟದ ಎತ್ತರ, ಹಿಮ, ಬೆರಳು ಸೆಟೆದು ಕಪ್ಪಾಗುವುದನ್ನೆಲ್ಲ ಹೇಳಿದೆ.

"ಆ ಕಡೆಯೋರಿಗೂ ಅಷ್ಟೇ ಚಳೀನಾ?"

"ಬೆಟ್ಟ ಒಂದೇ ಅಲ್ವೇ? ಚಳಿ ಯಾರ ಪಕ್ಷ ಅಂತ ಕೇಳುತ್ತಾ?" ಎಂದು ನಾನು ಮಾತಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಬಸವರಾಜನ ಹೆಸರಾದ ಮೇಲೆ ಪ್ರಾರ್ಥನೆ ನಿಲ್ಲಲಿಲ್ಲ. "ಆ ಕಡೆ ಹುಡುಗರಿಗೂ ಚಳಿಯಂತೆ ತಂದೆಯೇ. ಅವರಿಗೂ ತಾಯಂದಿರವ್ರೆ. ಅವರ ಹೆಸರು ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಅವರನ್ನೂ ಕಾಯಿ, ಜೀವಂತ ಮನೆಗೆ ಕಳಿಸು." ನನ್ನ ಹೆಂಡತಿ ಒಲೆ ಊದುವುದನ್ನು ಬಿಟ್ಟು ನನ್ನ ಮುಖ ನೋಡಿದಳು. ನಿಜ ಹೇಳುತ್ತೇನೆ, ನನಗೂ ಸಿಟ್ಟು ಬಂತು.

ಶಿವಮ್ಮ ಲಿಂಗವನ್ನು ಕರಡಿಗೆಗೆ ಹಾಕಿ, ಪೂಜೆ ಅರ್ಧಕ್ಕೇ ಬಿಟ್ಟು ಅಂಗಳಕ್ಕೆ ಬಂದಿದ್ದರು. ಹಣೆಯ ವಿಭೂತಿ ಇನ್ನೂ ಹಸಿ. ವಠಾರವೆಲ್ಲ ಬಾಗಿಲಿಗೆ ಬಂತು.

"ಏನ್ರೀ ಟೀಚರಮ್ಮ, ನನ್ ಮಗನ್ ಹೆಸ್ರೇಳಿದ ಬಾಯಲ್ಲೇ ಅವ್ನ ಕೊಲ್ಲಕ್ ಬಂದೋರ್ಗೂ ಬೇಡ್ಕಂಡ್ರಾ?"

"ಬೇಡ್ಕಂಡೆ ಶಿವಮ್ಮ."

"ಯಾಕೆ? ಅವ್ರೇನು ನಿಮ್ ನೆಂಟ್ರಾ?"

"ಇಬ್ರೂ ಒಂದೇ ದಿಕ್ಕಲ್ಲವ್ರೆ. ನಿಮ್ ಮಗನ ಕಡೀಕೆ ತಿರುಗಿದ್ರೆ ಅವ್ರೂ ಕಾಣ್ತಾರೆ. ನಾನೇನ್ ಮಾಡ್ಲಿ?"

"ಅಂಗಾದ್ರೆ ನನ್ ಮಗನ್ನ ಬಿಟ್ಬುಡಿ. ಆ ಸಾಲಲ್ಲಿ ಅವನ್ ಹೆಸ್ರು ಬ್ಯಾಡ. ನನ್ ಲಿಂಗಪ್ಪ ಅವ್ನೆ, ನಾನ್ ಕೇಳ್ಕತೀನಿ. ಇನ್ಮ್ಯಾಲೆ ನಿಮ್ ಬಾಯಲ್ಲಿ ಅವನ್ ಹೆಸ್ರು ಬಂದ್ರೆ ನಾನ್ ಸುಮ್ನಿರಾಕಿಲ್ಲ."

ನಲ್ಲಿಯ ಮುಂದೆ ಎಂದೂ ಬಿಟ್ಟುಕೊಡದ ಟೀಚರಮ್ಮ "ನೀವು ಬೇಡ ಅಂದ್ರೆ ಬಾಯಲ್ಲಿ ಹೇಳಲ್ಲ" ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಸಂದಿನಿಂದ ಏನೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಠಾರದವರು ಹೊತ್ತು ಮೀರಿ ಎದ್ದು ಒಬ್ಬರ ಮೇಲೊಬ್ಬರು ರೇಗಿದರು. ನಾನು ತಡೆಯಲಾರದೆ ಕೇಳಿದೆ. "ಒಬ್ಬನ ಹೆಸ್ರು ನುಂಗ್ಕಂಡು ಮಿಕ್ಕೋರ್ದು ಗಟ್ಟಿಯಾಗಿ ಹೇಳಕ್ಕೆ ನನ್ ಕೈಲಾಗಲ್ಲ ಮೇಷ್ಟ್ರೇ. ಎಲ್ಲಾನೂ ಒಳಗೇ ಹೇಳ್ಕತೀನಿ" ಎಂದರು. ವಠಾರದಲ್ಲಿ ಒಂದಿಬ್ಬರು ಅವರನ್ನು ಚೀನಾದ ಏಜೆಂಟು ಎಂದರು. ಅವರ ಶಾಲೆಯಿಂದ ಹೋದ ಸ್ವೆಟರಿನ ಗಂಟುಗಳನ್ನು ಕಂಡಿದ್ದವರೇ ಅಂದರು. ಟೀಚರಮ್ಮ ಕೇಳಿಯೂ ಕೇಳದವರಂತೆ ಕೊಡ ತುಂಬಿಕೊಂಡು ಹೋಗುತ್ತಿದ್ದರು. ಶಿವಮ್ಮ ಮಾತ್ರ ಬೆಳಗಿನ ಜಾವ ಆ ಗೋಡೆಗೆ ಒರಗಿ ಕೂತಿರುತ್ತಿದ್ದರೆಂದು ನನ್ನ ಹೆಂಡತಿ ಹೇಳುತ್ತಿದ್ದಳು. ಬೇಡ ಅಂದವರೂ ಅವರೇ, ಕಿವಿಗೊಟ್ಟು ಕಾಯುತ್ತಿದ್ದವರೂ ಅವರೇ.

ಯುದ್ಧ ನಿಂತಿತು ಎಂದು ರೇಡಿಯೋ ಹೇಳಿ ವಠಾರ ಉಸಿರು ಬಿಟ್ಟ ಮೇಲೆ ಶಿವಮ್ಮನಿಗೆ ಮಿಲಿಟರಿಯಿಂದ ತಂತಿ ಬಂತು. ಇಂಗ್ಲಿಷಿನಲ್ಲಿತ್ತು. ಓದಿ ಹೇಳಬೇಕಾದವನು ನಾನೇ ಆದೆ. ಆ ವಿಷಯ ಹೆಚ್ಚು ಬರೆಯಲಾರೆ. ಮಣ್ಣು ಮಾಡಲು ದೇಹವೂ ಬರಲಿಲ್ಲ. ಶಿವಮ್ಮ ಅಳಲಿಲ್ಲ, ಉಣ್ಣಲಿಲ್ಲ, ಹಪ್ಪಳದ ಹಿಟ್ಟು ಕಲಸಿಟ್ಟದ್ದು ಹಾಗೇ ಹುಳಿ ಬಂತು. ನೆಂಟರಿಷ್ಟರು ಬಂದು ಹೋದರು. ಎಲ್ಲರೂ ಹೋದ ಮೇಲೆ ಒಂದು ಮಧ್ಯಾಹ್ನ ನಮ್ಮ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಬನ್ನಿ ನನ್ ಜೊತೆ. ನಂಗೊಬ್ಳಿಗೇ ಹೋಗಕ್ಕೆ ಮುಖ ಇಲ್ಲ" ಎಂದರು.

ಟೀಚರಮ್ಮ ನೆಲದ ಮೇಲೆ ಕೂತು ಹೆಣೆಯುತ್ತಿದ್ದರು. ಎದ್ದರು. ಶಿವಮ್ಮ ಹೊಸ್ತಿಲಲ್ಲೇ ನಿಂತು ಕೇಳಿದರು:

"ನಾನ್ ಬ್ಯಾಡ ಅಂದ್ಮ್ಯಾಲೆ ನೀವ್ ಬಿಟ್ಬುಟ್ರಾ?"

ಆಗ ನನಗೆ ಹೊಳೆಯಿತು. ಇಷ್ಟು ದಿನ ಆ ತಾಯಿ ಏನನ್ನು ನುಂಗಿಕೊಂಡು ಕೂತಿದ್ದಳೆಂದು. ತಾನೇ ಮಗನ ಹೆಸರು ತೆಗೆಸಿದೆ, ಅದಕ್ಕೇ ಮಗ ಹೋದ ಎಂದು.

"ಇಲ್ಲ ಶಿವಮ್ಮ. ಬಾಯಲ್ಲಿ ಹೇಳ್ಲಿಲ್ಲ ಅಷ್ಟೇ. ಒಂದ್ ದಿನಾನೂ ಬಿಡ್ಲಿಲ್ಲ."

"ನಿಜಾನಾ?"

"ನಿಜ ಕಣವ್ವ."

ಶಿವಮ್ಮನ ಭುಜಗಳು ಇಳಿದವು. ಆಮೇಲೆ, "ಆದ್ರೂ ಹೋದ್ನಲ್ಲ" ಎಂದರು.

"ಹೌದು. ಹೋದ."

ಟೀಚರಮ್ಮ ಏನಾದರೂ ಸಮಾಧಾನ ಹೇಳುತ್ತಾರೆ ಎಂದುಕೊಂಡೆ. ದೇವರ ಚಿತ್ತ, ಸ್ವರ್ಗ, ವೀರಮರಣ, ಏನಾದರೂ. ಹೇಳಲಿಲ್ಲ. ದೇವರ ಪರವಾಗಿ ಒಂದು ಮಾತೂ ಆಡಲಿಲ್ಲ. ನಿಂತಲ್ಲೇ ಕಣ್ಣೀರು ಸುರಿಸುತ್ತ ನಿಂತರು. ಅದನ್ನು ನೋಡಿ ಶಿವಮ್ಮನಿಗೂ ಕಟ್ಟೆಯೊಡೆಯಿತು. ಅಷ್ಟು ದಿನದ ಅಳು ಆ ಮನೆಯಲ್ಲಿ ಆಯಿತು.

ಅತ್ತು ಮುಗಿದ ಮೇಲೆ ಶಿವಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ಹೇಳಿ. ನಾಳೆಯಿಂದ ಬಾಯ್ಬಿಟ್ಟು ಅವನ್ ಹೆಸ್ರೇಳಿ ಬೇಡ್ಕಳಿ. ನಂಗೆ ಕೇಳಂಗೆ" ಎಂದರು.

ಟೀಚರಮ್ಮ ತಲೆ ತಗ್ಗಿಸಿದರು. "ನಮ್ ಸಭೇಲಿ ತೀರ್ಕಂಡೋರಿಗೆ ಬೇಡ್ಕಳೋದು ಇಲ್ಲ ಶಿವಮ್ಮ. ಅವ್ರು ಆಗ್ಲೇ ದೇವ್ರ ಕೈ ಸೇರವ್ರೆ, ನಾವ್ ಕೇಳೋದೇನೂ ಉಳಿದಿಲ್ಲ ಅಂತ ನಂಬ್ಕೆ. ನಮ್ ಯಜಮಾನ್ರು ಹೋದಾಗ್ಲೂ ನಾನ್ ಬೇಡ್ಕಳ್ಲಿಲ್ಲ. ಬಾಯಿಗ್ ಬಂದಿದ್ನ ನುಂಗ್ಕಂಡೆ. ನಿಮಗೆ ಸುಳ್ಳೇಳಕ್ಕೆ ನನ್ ಕೈಲಾಗಲ್ಲ. ನಿಮಗೋಸ್ಕರ ಕೇಳ್ತೀನಿ."

"ನಂಗೇನೂ ಬ್ಯಾಡ. ನಂಗೇನದೆ ಇನ್ನ."

ನನಗೆ ಟೀಚರಮ್ಮನ ಮೇಲೆ ಮತ್ತೆ ಸಿಟ್ಟು ಬಂತು. ಆಗಲಿ ಅಂದುಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಮಗ ಜೀವಂತ ಇದ್ದಾಗ ಶಿವಮ್ಮ ಅವನ ಹೆಸರು ಬೇಡವೆಂದರು, ಈಗ ಬೇಕೆಂದರೆ ಟೀಚರಮ್ಮನಿಂದಾಗದು. ಶಿವಮ್ಮ ಒಳಗೆ ಬಂದು ನೆಲದ ಮೇಲೆ ಕೂತರು. ಅರ್ಧ ಹೆಣೆದ ಸ್ವೆಟರಿನ ತೋಳು ಶಿವಮ್ಮನ ಕೈಗೆ ಸಿಕ್ಕಿತ್ತು, ಅದನ್ನು ನೇವರಿಸುತ್ತಿದ್ದರು.

"ಬದ್ಕಿರೋರ್ಗೆ ಬೇಡ್ಕಬೋದು ಅಲ್ವಾ?" ಎಂದು ಕೇಳಿದರು.

"ಬೇಡ್ಕಬೋದು."

"ಅಂಗಾದ್ರೆ ಅವ್ರಿಗೇ ಮಾಡಿ. ಆ ಕಡೆ ಹುಡುಗ್ರಿಗೆ. ಅವ್ರಾದ್ರೂ ಅವ್ವದೀರ ಮನೆ ಸೇರ್ಕಳ್ಲಿ. ಗಟ್ಟಿಯಾಗ್ ಮಾಡಿ, ನಾನ್ ಕೇಳ್ತೀನಿ."

ಟೀಚರಮ್ಮ ಶಿವಮ್ಮನ ಕಾಲು ಮುಟ್ಟಲು ಬಗ್ಗಿದರು. ಶಿವಮ್ಮ ಕಾಲು ಹಿಂದಕ್ಕೆಳೆದುಕೊಂಡು ಎದ್ದು ಮನೆಗೆ ನಡೆದರು. ನಾನು ಭೂಗೋಳದ ಮೇಷ್ಟ್ರು, ಇಷ್ಟು ದೂರವನ್ನು ಒಂದು ಮನುಷ್ಯ ಜೀವ ಹೀಗೆ ಕೂತಲ್ಲೇ ದಾಟಬಲ್ಲದು ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಮರುದಿನ ಬೆಳಗಿನ ಜಾವ ಸಂದಿನಿಂದ ದನಿ ಬಂತು. "ಪರಲೋಕದಲ್ಲಿರುವ ತಂದೆಯೇ." ವಠಾರದ ಎಲ್ಲ ಮನೆಗಳಲ್ಲೂ ಜನ ಎದ್ದು ಕೂತದ್ದು ನನಗೆ ಗೊತ್ತಾಗುತ್ತಿತ್ತು. ಟೀಚರಮ್ಮ ಗಡಿಯ ಆ ಕಡೆಯ ಹುಡುಗರಿಗೆ ಬೇಡಿಕೊಂಡರು. ಅವರ ಬೂಟು ತೂತಾಗದಿರಲಿ, ಹೊಟ್ಟೆಗೆ ಬಿಸಿ ಅನ್ನ ಸಿಗಲಿ, ಅವ್ವನ ಮನೆ ಬಾಗಿಲು ಸಿಗಲಿ ಎಂದರು. ಇದು ಶಿವಮ್ಮ ಕೇಳಿಕೊಳ್ಳುತ್ತಿರುವುದು, ನನ್ನದಲ್ಲ ಎಂದೂ ಹೇಳಿದರು. ಈ ಕಡೆಯ ಹುಡುಗರಿಗೂ ಬೇಡಿಕೊಂಡರು. ಆಮೆನ್ ಎಂದರು. ನನ್ನ ಹೆಂಡತಿ ಕಾಫಿ ಬಗ್ಗಿಸಲು ಹೊರಟಳು.

ಸ್ವಲ್ಪ ಹೊತ್ತಾದ ಮೇಲೆ, ಪ್ರಾರ್ಥನೆಯ ದನಿಯಲ್ಲಲ್ಲ, ಮಾಮೂಲು ದನಿಯಲ್ಲಿ, ಟೀಚರಮ್ಮ "ಬಸವರಾಜ" ಎಂದರು. ಅವನಿಗೆಂದು ಏನೂ ಬೇಡಿಕೊಳ್ಳಲಿಲ್ಲ. ಹೆಸರು ಹೇಳಿದರು, ಅಷ್ಟೇ.

ಆಚೆ ಗೋಡೆಯ ಹಿಂದಿನಿಂದ ಶಿವಮ್ಮ "ಹ್ಞೂಂ" ಅಂದದ್ದು ನಮ್ಮ ಮನೆಯವರೆಗೂ ಕೇಳಿಸಿತು.